ಹಾಸ್ಟೆಲ್‌ನ ಬೀದಿ ಮುಖಕ್ಕೆ ವಿನಾಯಿತಿ: ತೊಡಕು ಜಾಗದ್ದೋ, ನಕಾಶೆಯದ್ದೋ?

ನಗರ ಯೋಜನೆ ಪೇಪರ್‌ಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಝೋನ್ (ಯಾವ ಭಾಗದಲ್ಲಿ ಯಾವ ಬಳಕೆ ಅನ್ನುವ ವಿಂಗಡಣೆ), ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಖಾಲಿ ಬಿಡುವ ಜಾಗ), ಎಫ್‌ಎಆರ್ (ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) ಎಲ್ಲ ಯಾವ ಗೈಡ್‌ನಲ್ಲಾದರೂ ಸಿಗುತ್ತವೆ, ಬಿಟ್ಟಿದ್ದೇನೆ. ತಲೆ ತಿನ್ನುವುದು ವಿನಾಯಿತಿಯ ಭಾಗ, ಅಂದರೆ ಜಾಗಕ್ಕೆ ನಿಯಮ ಹೊಂದದಿದ್ದಾಗ ಅದನ್ನು ಸಡಿಲಿಸಿ ಅಂತ ಕೇಳುವುದು. ಅಮೆರಿಕದ ಪಠ್ಯದಲ್ಲಿ ಇದು ವೇರಿಯನ್ಸ್. ಅಲ್ಲಿನ ಕಾಲೇಜು ಊರುಗಳಲ್ಲಿ ವಿದ್ಯಾರ್ಥಿ ವಸತಿ ಕಟ್ಟುವವರು ಕಟ್ಟಡದ ಬೀದಿ ಕಡೆಯ ಮುಖಕ್ಕೇ ಇದನ್ನು ಕೇಳುವುದುಂಟು.

ಆ ಊರುಗಳ ಮುಖ್ಯ ಬೀದಿಗಳಲ್ಲಿ ನೆಲಮಹಡಿಗೆ ಬೇರೆಯೇ ನಿಯಮ ಇರುತ್ತದೆ. ಗೋಡೆ ಬೀದಿಗೆ ಹತ್ತಿರ ಬರಬೇಕು. ಇಂತಿಷ್ಟು ಪಾಲು ಒಳಗೆ ಕಾಣುವ ಗಾಜು ಇರಬೇಕು. ಬೋಳು ಗೋಡೆ ಉದ್ದಕ್ಕೂ ಹೋಗಬಾರದು. ಪಾರ್ಕಿಂಗ್ ಎದುರಿಗೆ ಕಾಣಬಾರದು. ಹಾಸ್ಟೆಲ್ ಕಟ್ಟುವವರಿಗೆ ಬೇಕಾದದ್ದು ಇದಕ್ಕೆ ಉಲ್ಟಾ. ಕೆಳಗೆ ಪಾರ್ಕಿಂಗ್ ಬೇಕು, ಇಲ್ಲವೇ ಕೋಣೆ ಬೇಕು. ಮಲಗುವ ಕೋಣೆಗೆ ಬೀದಿ ಕಡೆ ಗಾಜಿನ ಗೋಡೆ ಯಾರಿಗೆ ಬೇಕು, ಅಲ್ವಾ?

ಧಾರವಾಡದ ಸಪ್ತಾಪುರ ಕಂಡವರಿಗೆ ಇದು ಬೇಗ ಹೊಳೆಯುತ್ತದೆ. ಕೋಚಿಂಗ್ ಕ್ಲಾಸುಗಳ ಬೀದಿಯಲ್ಲಿ ಕೆಳಗೆ ಝೆರಾಕ್ಸ್, ಪುಸ್ತಕದಂಗಡಿ, ಖಾನಾವಳಿ. ಮೇಲೆ ಹುಡುಗರ ಕೋಣೆ. ಯಾರೂ ಹೇಳದೆಯೇ ಆ ನಿಯಮ ಪಾಲಿಸಿದಂತಾಗಿದೆ. ಒಳಬೀದಿಗೆ ತಿರುಗಿ ಹೊಸ ಪೀಜಿ ಕಟ್ಟಡ ನೋಡಿದರೆ ಕೆಳಗೆ ಬರೀ ಕಂಬ, ಕಂಬದ ನಡುವೆ ಬೈಕು, ಎದುರಿಗೆ ಕಬ್ಬಿಣದ ಗೇಟು.

ಎರಡು ಬಗೆ

ಬಳಕೆಯ ವಿನಾಯಿತಿ ಒಂದು, ಅಳತೆಯ ವಿನಾಯಿತಿ ಇನ್ನೊಂದು. ಮನೆಗಳ ಝೋನ್‌ನಲ್ಲಿ ಅಂಗಡಿ ಹಾಕಲು ಕೇಳಿದರೆ ಬಳಕೆಯದು. ಸೆಟ್‌ಬ್ಯಾಕ್, ಎತ್ತರ, ಗಾಜಿನ ಪಾಲು ಅಳತೆಯವು. ಓದಲು ನ್ಯೂಯಾರ್ಕ್ ರಾಜ್ಯದ ಕಾನೂನನ್ನೇ ಹಿಡಿದುಕೊಳ್ಳಿ, ಅದು ಎರಡನ್ನೂ ಚೊಕ್ಕವಾಗಿ ಬೇರೆ ಮಾಡುತ್ತದೆ. ಬಳಕೆಗೆ 1939ರ ಒಟ್ಟೊ ವಿರುದ್ಧ ಸ್ಟೈನ್‌ಹಿಲ್ಬರ್ ತೀರ್ಪಿನ ಕಟ್ಟುನಿಟ್ಟು ಪರೀಕ್ಷೆ ಇದೆ. ಈಗಿನ ಬಳಕೆಯಲ್ಲಿ ಜಾಗದಿಂದ ತಕ್ಕ ಆದಾಯ ಬರುವುದಿಲ್ಲ, ತೊಡಕು ಆ ಜಾಗಕ್ಕೇ ಸೇರಿದ್ದು, ಓಣಿಯ ಸ್ವರೂಪ ಕೆಡುವುದಿಲ್ಲ ಅಂತ ತೋರಿಸಬೇಕು. ಅಳತೆಯದಾದರೆ ಇಷ್ಟು ಬಿಗಿ ಇಲ್ಲ. ಮಾಲೀಕನಿಗೆ ಆಗುವ ಲಾಭ, ಓಣಿಗೆ ಆಗುವ ಹಾನಿ ಎರಡನ್ನೂ ವಿನಾಯಿತಿ ಅರ್ಜಿ ಕೇಳುವ ಸ್ಥಳೀಯ ಮಂಡಳಿ ತೂಗಿ ನೋಡುತ್ತದೆ.

ಎಲ್ಲರೂ ಎಡವುವ ಜಾಗ

ಅದು ತಾನೇ ತಂದುಕೊಂಡ ತೊಡಕು. ನಾನು ಜಾಸ್ತಿ ಹೊತ್ತು ಕೂತದ್ದು ಇಲ್ಲೇ. ಬಳಕೆಯ ವಿನಾಯಿತಿಯಲ್ಲಿ ತೊಡಕು ನೀವೇ ತಂದುಕೊಂಡದ್ದಾದರೆ ಅರ್ಜಿ ಅಲ್ಲಿಗೇ ಮುಗಿಯಿತು. ಅಳತೆಯ ವಿನಾಯಿತಿಯಲ್ಲಿ ಅದು ತಕ್ಕಡಿಗೆ ಹಾಕುವ ಒಂದು ಕಲ್ಲು ಮಾತ್ರ. ಅದೊಂದರಿಂದಲೇ ಅರ್ಜಿ ಬೀಳುವುದಿಲ್ಲ. ಯಾಕೆ ಹೀಗೆ ಅಂತ ಯೋಚಿಸಿದರೆ ಅರ್ಥವಾಗುತ್ತದೆ. ಕಟ್ಟಲು ಹೊರಟವನು ಮಾಲೀಕನೇ ತಾನೆ? ಒಂದು ಲೆಕ್ಕದಲ್ಲಿ ಅಳತೆಯ ತೊಡಕೆಲ್ಲ ಅವನೇ ತಂದುಕೊಂಡದ್ದು. ಅದನ್ನೇ ಹಿಡಿದು ತಳ್ಳಿಹಾಕುತ್ತ ಹೋದರೆ ಒಂದು ಅರ್ಜಿಯೂ ಉಳಿಯುವುದಿಲ್ಲ.

ಹಾಗಾದರೆ ಯಾವ ತೊಡಕು ಜಾಗದ್ದು, ಯಾವುದು ನಿಮ್ಮದು? ಮೊದಲು ಮನಸ್ಸಿನಲ್ಲೇ ಮಾಲೀಕನನ್ನು ಬದಲಿಸಿ. ಆಮೇಲೆ ನಕಾಶೆ ಬದಲಿಸಿ. ಎರಡೂ ಬದಲಾದ ಮೇಲೂ ತೊಡಕು ಅಲ್ಲೇ ಕೂತಿದ್ದರೆ ಅದು ಜಾಗದ್ದು. ಉಳಿದದ್ದೆಲ್ಲ ನಿಮ್ಮದು. ನನಗೆ ಕೈಕೊಡದ ಉಪಾಯ ಇದೊಂದೇ.

ಒಂದು ಲೆಕ್ಕ ಮಾಡೋಣ. ಸಪ್ತಾಪುರದ ಇಳಿಜಾರಿನಲ್ಲಿ ಒಂದು ಸೈಟು ಇದೆ ಅಂತ ಇಟ್ಟುಕೊಳ್ಳಿ, ಅಮೆರಿಕದ ಮಾದರಿಯ ನಿಯಮ ಅದಕ್ಕಿದೆ ಅಂತಲೂ ಇಟ್ಟುಕೊಳ್ಳಿ. ಮುಖ 60 ಅಡಿ. ಫುಟ್‌ಪಾತ್‌ನಿಂದ 2 ಅಡಿ ಮೇಲಿಂದ 8 ಅಡಿವರೆಗಿನ ಪಟ್ಟಿಯಲ್ಲಿ 60 ಶೇಕಡಾ ಗಾಜು ಬೇಕು. ಪಟ್ಟಿ 60 ಗುಣಿಸು 6, ಅಂದರೆ 360 ಚದರ ಅಡಿ. ಗಾಜು 216 ಚದರ ಅಡಿ.

ಈಗ ಇಳಿಜಾರು. ಒಂದು ತುದಿಯಲ್ಲಿ ಕಟ್ಟಡದ ಒಳನೆಲ ಫುಟ್‌ಪಾತ್ ಮಟ್ಟದಲ್ಲಿದೆ. ರಸ್ತೆ ಇಳಿಯುತ್ತ ಹೋಗಿ ಇನ್ನೊಂದು ತುದಿಯಲ್ಲಿ ನೆಲ 5 ಅಡಿ ಮೇಲಾಗುತ್ತದೆ. ಆ ಕಡೆ ಪಟ್ಟಿಯ ಕೆಳಭಾಗವನ್ನು ಪ್ಲಿಂತ್, ಅಂದರೆ ಒಳನೆಲದ ಕೆಳಗಿನ ಬುನಾದಿ ಗೋಡೆ, ತಿನ್ನುತ್ತದೆ. ಪ್ಲಿಂತ್ 2 ಅಡಿ ಆಗುವುದು 24ನೇ ಅಡಿಯಲ್ಲಿ. ಅಲ್ಲಿಂದ ಕೊನೆವರೆಗೆ 36 ಅಡಿ ಉದ್ದ, 3 ಅಡಿ ಎತ್ತರದ ತ್ರಿಕೋನ, ಅಂದರೆ 54 ಚದರ ಅಡಿ. ಮಟ್ಟದ ತುದಿಯಲ್ಲಿ ಪಾರ್ಕಿಂಗ್‌ಗೆ 12 ಅಡಿ ಗೇಟು ಕೊಟ್ಟರೆ ಇನ್ನೂ 72 ಹೋಯಿತು. ಉಳಿದದ್ದು 234. ಅದರಲ್ಲಿ 216 ಗಾಜು ಅಂದರೆ 92 ಶೇಕಡಾ. ಕಂಬಕ್ಕೂ ಜಾಗ ಇಲ್ಲ.

ಇಲ್ಲಿ ಉಪಾಯ ಹಚ್ಚಿ. ಇಳಿಜಾರು ಯಾರು ಕಟ್ಟಿದರೂ ಇರುತ್ತದೆ, ಹಾಗಾಗಿ 54 ಜಾಗದ್ದು. ಗೇಟು? ಸೈಟಿಗೆ ಒಂದೇ ರಸ್ತೆ ಇದ್ದರೆ ಅದೂ ಜಾಗದ್ದೇ. ಪಕ್ಕದಲ್ಲಿ ಸಂದಿ ಇದ್ದು, ಅಲ್ಲಿಂದ ಗಾಡಿ ಬಿಡಬಹುದಾಗಿದ್ದರೆ ಗೇಟು ನಿಮ್ಮ ನಕಾಶೆಯದು. ಮಲಗುವ ಕೋಣೆಗೆ ಗಾಜು ಆಗುವುದಿಲ್ಲ ಅನ್ನುವ ವಾದ ಪೂರ್ತಿ ನಕಾಶೆಯದು. ಮೆಸ್ಸು, ಓದುವ ಕೋಣೆ ಮುಂದಕ್ಕೆ ತಂದರೆ ಅದು ಮಾಯ. ಹುಡುಗಿಯರ ಹಾಸ್ಟೆಲ್ ಅಂತ ಹೇಳಿ ಇದನ್ನು ಗೆಲ್ಲಲು ನೋಡುವುದು ಸುಲಭದ ದಾರಿ. ನನಗಂತೂ ಒಪ್ಪಿಗೆಯಿಲ್ಲ. ಅವರಿಗೆ ಬೇಕಾದದ್ದು ಬೆಳಕಿರುವ ಬೀದಿ, ಬೋಳು ಗೋಡೆ ಅಲ್ಲ.

ಕೇಳುವುದೂ ಅಷ್ಟೇ ಇರಬೇಕು. ತೊಡಕು ತೀರಲು ಸಾಕಾಗುವ ಕನಿಷ್ಠ ವಿನಾಯಿತಿ ಮಾತ್ರ ಕೊಡಬೇಕು ಅನ್ನುತ್ತದೆ ನ್ಯೂಯಾರ್ಕ್ ಕಾನೂನು. ಒಂದೇ ರಸ್ತೆಯಾದರೆ 234ರ 60 ಶೇಕಡಾ, ಸುಮಾರು 140 ಚದರ ಅಡಿ. ಒಟ್ಟು ಪಟ್ಟಿಯ 39 ಶೇಕಡಾ. ಸಂದಿ ಇದ್ದರೆ 306ರ ಮೇಲೆ ಲೆಕ್ಕ, 51 ಶೇಕಡಾಕ್ಕೆ ನಿಲ್ಲಬೇಕು. ಸುಮ್ನೆ 'ಗಾಜಿನ ನಿಯಮ ಬೇಡ' ಅಂತ ಬರೆದರೆ ಅಂಕ ಬರುವುದಿಲ್ಲ.

ನಮ್ಮ ಕಡೆ

ಹುಬ್ಬಳ್ಳಿ-ಧಾರವಾಡದಲ್ಲಿ ಇದನ್ನು ಹಾಗೇ ಹಚ್ಚಬೇಡಿ. ಅಲ್ಲಿ ಗೋಡೆ ಮುಂದೆ ಬಾ ಅನ್ನುತ್ತಾರೆ, ಇಲ್ಲಿ ಸೆಟ್‌ಬ್ಯಾಕ್ ಬಿಟ್ಟು ಹಿಂದೆ ಸರಿ ಅನ್ನುತ್ತಾರೆ. ನಮ್ಮ ವಲಯ ನಿಯಮಗಳಲ್ಲಿ ಪ್ರತಿ ಝೋನ್‌ಗೂ ಎರಡು ಪಟ್ಟಿ ಇರುತ್ತದೆ. ನೇರವಾಗಿ ಒಪ್ಪುವ ಬಳಕೆಗಳು, ವಿಶೇಷ ಸಂದರ್ಭದಲ್ಲಿ ಪ್ರಾಧಿಕಾರ ಒಪ್ಪಬಹುದಾದ ಬಳಕೆಗಳು. ನಿಮ್ಮ ಹಾಸ್ಟೆಲ್, ಅದರ ಕೆಳಗಿನ ಅಂಗಡಿ ಯಾವ ಪಟ್ಟಿಯಲ್ಲಿವೆ ಅಂತ ಮೊದಲು ನೋಡಿ. ಎರಡನೆಯದರಲ್ಲಿದ್ದರೆ ಅದು ವೇರಿಯನ್ಸ್ ಅಲ್ಲ, ತೊಡಕು ತೋರಿಸುವ ಮಾತೇ ಬರುವುದಿಲ್ಲ.

ಎರಡರಲ್ಲೂ ಇಲ್ಲದಿದ್ದರೆ 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಂ ಹಿಡಿದು ಭೂಬಳಕೆಯ ಬದಲಾವಣೆ ಕೇಳಬೇಕು. ಬದಲಾವಣೆ ಸಾರ್ವಜನಿಕ ಹಿತದ್ದಾಗಿರಬೇಕು. ಆ ಭಾಗದಲ್ಲಿ ಓಡುವ ದಿನಪತ್ರಿಕೆಯಲ್ಲಿ ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 15 ದಿನ ಕೊಡಬೇಕು. ನಮ್ಮಲ್ಲಿ ಯೋಜನಾ ಪ್ರಾಧಿಕಾರ ಅಂದರೆ ಹುಡಾ (ಹುಬ್ಬಳ್ಳಿ-ಧಾರವಾಡ ನಗರಾಭಿವೃದ್ಧಿ ಪ್ರಾಧಿಕಾರ). ಇಲ್ಲಿ ಕೇಳುವ ಪ್ರಶ್ನೆ ಸಾರ್ವಜನಿಕ ಹಿತದ್ದು, ಮಾಲೀಕನ ಕಷ್ಟದ್ದಲ್ಲ. ನ್ಯೂಯಾರ್ಕ್ ಪರೀಕ್ಷೆಯನ್ನು 14ಎ ಉತ್ತರದಲ್ಲಿ ತುರುಕಬೇಡಿ.

ಅಕ್ರಮ-ಸಕ್ರಮವನ್ನೂ ವಿನಾಯಿತಿ ಅಂತ ಬರೆಯುವವರಿದ್ದಾರೆ. 2014ರ ಆ ನಿಯಮ ಕಟ್ಟಿ ಮುಗಿಸಿದ ಮೇಲಿನ ಮಾತು. ವಾಸದ ಕಟ್ಟಡಕ್ಕೆ 50 ಶೇಕಡಾ, ಉಳಿದದ್ದಕ್ಕೆ 25 ಶೇಕಡಾ ಉಲ್ಲಂಘನೆವರೆಗೆ ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವುದು ಅದರ ಲೆಕ್ಕ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. ಹಾಸ್ಟೆಲ್ ಇನ್ನೂ ಕಟ್ಟಬೇಕಾಗಿದ್ದರೆ ಉತ್ತರದಲ್ಲಿ ಇದರ ಹೆಸರೇ ಬೇಡ. ಎರಡು ಪಟ್ಟಿ ಬರೆಯಿರಿ, ಆಮೇಲೆ 14ಎ.