ಚರ್ಮವೇ ಹಾರ್ಮೋನ್ ತಯಾರಿಸಿದರೆ?

ಬೆಳವಣಿಗೆಯ ಹಾರ್ಮೋನ್ ಕಡಿಮೆ ಇರುವ ಮಗುವಿಗೆ ಸಾಮಾನ್ಯವಾಗಿ ದಿನಾ ರಾತ್ರಿ ಒಂದು ಇಂಜೆಕ್ಷನ್. ಇವತ್ತು ತೊಡೆಗೆ, ನಾಳೆ ಹೊಟ್ಟೆಗೆ. ಹೀಗೇ ವರ್ಷಗಟ್ಟಲೆ. ಸೂಜಿ ಚುಚ್ಚಿಸಿಕೊಳ್ಳುವ ಆ ಚರ್ಮವೇ ಹಾರ್ಮೋನ್ ತಯಾರಿಸುವ ಹಾಗಿದ್ದರೆ ಎಷ್ಟು ಚೆನ್ನ, ಅಲ್ವಾ?

ಹಿಂದೆ ಈ ಹಾರ್ಮೋನನ್ನು ಸತ್ತವರ ಪಿಟ್ಯುಟರಿ ಗ್ರಂಥಿಯಿಂದ ತೆಗೆಯುತ್ತಿದ್ದರು. ಅದರಿಂದ ಕೆಲವರಿಗೆ ಮೆದುಳಿನ ಮಾರಕ ಕಾಯಿಲೆ ಬಂದದ್ದು ಗೊತ್ತಾಗಿ, 1985ರಲ್ಲಿ ಅಮೆರಿಕ ಅದನ್ನು ನಿಲ್ಲಿಸಿತು. ಅದೇ ವರ್ಷ ಬ್ಯಾಕ್ಟೀರಿಯಾಗಳಿಂದ ತಯಾರಿಸಿದ ಹಾರ್ಮೋನ್‌ಗೆ ಒಪ್ಪಿಗೆ ಸಿಕ್ಕಿತು. ಭಯ ಹೋಯಿತು, ಸೂಜಿ ಉಳಿಯಿತು.

ಚರ್ಮದ ಕಥೆ ಇನ್ನೂ ಹಿಂದಿನದು. 1975ರಲ್ಲಿ ಹೊವಾರ್ಡ್ ಗ್ರೀನ್ ಮತ್ತು ಜೇಮ್ಸ್ ರೈನ್‌ವಾಲ್ಡ್ ಮನುಷ್ಯನ ಚರ್ಮದ ಜೀವಕೋಶಗಳನ್ನು ಲ್ಯಾಬಿನಲ್ಲಿ ಬೆಳೆಸುವ ದಾರಿ ಕಂಡುಕೊಂಡರು. ಇಲಿಯ ಜೀವಕೋಶಗಳ ಹಾಸಿನ ಮೇಲೆ ಬಿಟ್ಟರೆ ಅವು ಹಬ್ಬಿ, ಒಂದಕ್ಕೊಂದು ಕೂಡಿ, ತೆಳ್ಳನೆಯ ಹಾಳೆಯಾಗುತ್ತವೆ. 1983ರಲ್ಲಿ ಮೈಯೆಲ್ಲ ಸುಟ್ಟಿದ್ದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ಬಾಸ್ಟನ್‌ನಲ್ಲಿ ಬದುಕಿ ಉಳಿದದ್ದು ಇಂಥ ಹಾಳೆಗಳಿಂದಲೇ.

1987ರಲ್ಲಿ ಜೆಫ್ರಿ ಮೋರ್ಗನ್, ಗ್ರೀನ್ ಮತ್ತು ಜೊತೆಗಾರರು ಅದೇ ಜೀವಕೋಶಗಳಿಗೆ ವೈರಸ್ ಮೂಲಕ ಬೆಳವಣಿಗೆಯ ಹಾರ್ಮೋನ್‌ನ ಜೀನ್ ಸೇರಿಸಿದರು. ಹಾಳೆಯನ್ನು ಇಲಿಗೆ ಕಸಿ ಮಾಡಿದರು. ಚರ್ಮ ಮಾಮೂಲಿನಂತೆಯೇ ಬೆಳೆಯಿತು, ಅದರಲ್ಲಿ ಹಾರ್ಮೋನ್ ಕೂಡ ಸಿಕ್ಕಿತು. ಆದರೆ ಅದು ರಕ್ತಕ್ಕೆ ಸೇರಬೇಕಲ್ಲ? ಚರ್ಮದ ಮೇಲ್ಪದರದಲ್ಲಿ ರಕ್ತನಾಳಗಳೇ ಇಲ್ಲ. 1997ರಲ್ಲಿ ಎಲೈನ್ ಫುಕ್ಸ್ ತಂಡ ಇದಕ್ಕೆ ಉತ್ತರ ಕೊಟ್ಟಿತು. ಮೈಯ ಚರ್ಮವೆಲ್ಲ ಹಾರ್ಮೋನ್ ತಯಾರಿಸುವಂತೆ ಜೀನ್ ಸೇರಿಸಿ ಹುಟ್ಟಿಸಿದ ಇಲಿಗಳ ರಕ್ತದಲ್ಲಿ, ಬೆಳೆಯುವ ಮಕ್ಕಳಲ್ಲಿರುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ ಹಾರ್ಮೋನ್ ಇತ್ತು. ಅದೇ ಚರ್ಮದ ತುಂಡನ್ನು ಬೇರೆ ಇಲಿಗೆ ಕಸಿ ಮಾಡಿದಾಗ ಮಾತ್ರ, ಬೇಕಾದ ಮಟ್ಟದ ಹತ್ತನೇ ಒಂದು ಭಾಗವಷ್ಟೇ ರಕ್ತಕ್ಕೆ ಬಂತು.

ಮನುಷ್ಯರ ಮೇಲಿನ ಪ್ರಯೋಗವೂ ನಡೆದಿದೆ. ಕಿಡ್ನಿ ಕೆಟ್ಟರೆ ರಕ್ತಕಣ ಹುಟ್ಟಿಸುವ ಎರಿತ್ರೊಪೊಯೆಟಿನ್ ಹಾರ್ಮೋನ್ ಕಡಿಮೆಯಾಗುತ್ತದೆ. ಅಂಥ 10 ರೋಗಿಗಳ ಚರ್ಮದ ಸಣ್ಣ ತುಣುಕು ತೆಗೆದು, ಜೀನ್ ಸೇರಿಸಿ, ಅವರವರಿಗೇ ವಾಪಸ್ ಇಟ್ಟ ಪ್ರಯೋಗ 2005ರಲ್ಲಿ ಪ್ರಕಟವಾಯಿತು. ಹಾರ್ಮೋನ್ ಏರಿತು. ಆದರೆ ಕೆಲವೇ ದಿನಗಳಲ್ಲಿ ಇಳಿಯಿತು. ಮೈಯ ರಕ್ಷಣಾ ಕಣಗಳು ಆ ತುಣುಕಿಗೆ ಮುತ್ತಿಗೆ ಹಾಕಿದ್ದವು.

ಇಷ್ಟಾದರೂ ಚರ್ಮವೇ ಸರಿಯಾದ ಜಾಗ ಅಂತ ನನಗನ್ನಿಸುತ್ತದೆ. ಲಿವರ್‌ಗೆ ಸೇರಿಸಿದ ಜೀನ್ ಕೈಕೊಟ್ಟರೆ ಏನು ಮಾಡುವುದು? ಚರ್ಮವಾದರೆ ಕಣ್ಣೆದುರೇ ಇರುತ್ತದೆ, ಎಡವಟ್ಟಾದರೆ ಆ ತುಂಡನ್ನು ಕತ್ತರಿಸಿ ತೆಗೆಯಬಹುದು. ಹಾರ್ಮೋನ್ ಜಾಸ್ತಿಯಾದರೂ ಅಪಾಯವೇ, ಅದಕ್ಕೊಂದು ಸ್ವಿಚ್ ಬೇಕು. 2017ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದವರು ಸಕ್ಕರೆ ಹತೋಟಿಯ ಜಿಎಲ್‌ಪಿ-1 ಹಾರ್ಮೋನ್‌ನ ಜೀನ್ ಇರುವ ಚರ್ಮವನ್ನು ಇಲಿಗಳಿಗೆ ಕಸಿ ಮಾಡಿದಾಗ, ಆ ಸ್ವಿಚ್ ಇದ್ದದ್ದು ಇಲಿಯ ಊಟದಲ್ಲಿ: ಡಾಕ್ಸಿಸೈಕ್ಲಿನ್ ಎಂಬ ಆ್ಯಂಟಿಬಯೋಟಿಕ್ ಔಷಧಿ ಬೆರೆಸಿದರೆ ಜೀನ್ ಕೆಲಸ ಶುರು ಮಾಡುತ್ತಿತ್ತು.