ತಟಸ್ಥ ಎಂದರೂ ಬಿಡಲಿಲ್ಲ: ಎರಡನೇ ಮಹಾಯುದ್ಧದಲ್ಲಿ ಇರಾನ್

ಪರೀಕ್ಷೆಗೆ ವಿಶ್ವ ಇತಿಹಾಸ ಓದುವಾಗ ಇರಾನ್ ಸಾಮಾನ್ಯವಾಗಿ ಎರಡು ಕಡೆ ಮುಖ ತೋರಿಸಿ ಹೋಗುತ್ತದೆ. ಒಂದು ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಸೇರಿದ 1943ರ ಟೆಹರಾನ್ ಸಮ್ಮೇಳನ, ಇನ್ನೊಂದು 1951ರ ತೈಲ ರಾಷ್ಟ್ರೀಕರಣ. ಮೊದಲ ಸಲ ಓದುವಾಗ ನಾನೂ ನಡುವಿನ ಪುಟಗಳನ್ನು ಹಾರಿಸಿದ್ದೆ. ಎರಡನೇ ಸಲ ಕೂತಾಗ ಗೊತ್ತಾಯಿತು, ಈ ಎರಡಕ್ಕೂ ಬೇರು ಇರುವುದು ಆ ಪುಟಗಳಲ್ಲೇ.

ಓದುವಾಗ ಒಂದು ಪ್ರಶ್ನೆ ತಲೆಯಲ್ಲಿರಲಿ. ಇಬ್ಬರು ಬಲಶಾಲಿಗಳ ನಡುವೆ ಸಿಕ್ಕಿಕೊಂಡ ದೇಶ ಮೂರನೆಯವನನ್ನು ಮನೆಯೊಳಗೆ ಕರೆದರೆ ಬಚಾವಾಗುತ್ತದೆಯೇ? ಇರಾನ್ ಇದನ್ನು ಎರಡು ಸಲ ಮಾಡಿ ನೋಡಿತು.

ಮೊದಲು ನಕ್ಷೆ ತೆರೆಯಿರಿ

ಉತ್ತರಕ್ಕೆ ರಷ್ಯಾ. ಪೂರ್ವಕ್ಕೆ ಆಗಿನ ಬ್ರಿಟಿಷ್ ಇಂಡಿಯಾ. ದಕ್ಷಿಣದ ಕೊಲ್ಲಿಯಲ್ಲಿ ಬ್ರಿಟನ್ನಿನ ನೌಕಾಪಡೆ. 1907ರಲ್ಲಿ ರಷ್ಯಾ ಮತ್ತು ಬ್ರಿಟನ್ ಕೂತು, ಇರಾನನ್ನು ಒಂದು ಮಾತೂ ಕೇಳದೆ, ಆ ದೇಶದಲ್ಲಿ ತಮ್ಮ ತಮ್ಮ ಪ್ರಭಾವ ವಲಯ ಗುರುತಿಸಿಕೊಂಡವು.

ತೈಲದ ಗುತ್ತಿಗೆ ಅದಕ್ಕೂ ಹಿಂದಿನದು. 1901ರಲ್ಲಿ ವಿಲಿಯಂ ಡಾರ್ಸಿ ಎಂಬ ಉದ್ಯಮಿ 60 ವರ್ಷಕ್ಕೆ ಗುತ್ತಿಗೆ ಪಡೆದ. ಅದರಲ್ಲಿ ರಷ್ಯಾದ ಕಡೆಗಿನ ಐದು ಪ್ರಾಂತ್ಯಗಳು ಸೇರಿರಲಿಲ್ಲ. ರಷ್ಯಾವನ್ನು ಕೆಣಕುವುದು ಬೇಡ ಅಂತ ಬಿಟ್ಟಿದ್ದರು. ಈ ಐದು ಪ್ರಾಂತ್ಯಗಳನ್ನು ಪೆನ್ಸಿಲ್‌ನಲ್ಲಿ ಗುರುತು ಮಾಡಿಟ್ಟುಕೊಳ್ಳಿ, 1944ರಲ್ಲಿ ಮತ್ತೆ ಬರುತ್ತವೆ.

1908ರಲ್ಲಿ ಮಸ್ಜಿದ್ ಸುಲೇಮಾನ್‌ನಲ್ಲಿ ತೈಲ ಸಿಕ್ಕಿತು. 1914ರಲ್ಲಿ ಈ ಗುತ್ತಿಗೆ ನಡೆಸುತ್ತಿದ್ದ ಆಂಗ್ಲೋ-ಪರ್ಷಿಯನ್ ತೈಲ ಕಂಪನಿಯ ಹೆಚ್ಚಿನ ಪಾಲನ್ನು ಬ್ರಿಟಿಷ್ ಸರ್ಕಾರವೇ ಕೊಂಡಿತು. ಇಲ್ಲಿಂದ ಮುಂದೆ ಕಂಪನಿ ಎಲ್ಲಿ ಮುಗಿಯಿತು, ಬ್ರಿಟಿಷ್ ಸರ್ಕಾರ ಎಲ್ಲಿ ಶುರುವಾಯಿತು ಅಂತ ಬಿಡಿಸಿ ಹೇಳುವುದೇ ಕಷ್ಟ. ಕಂಪನಿಯ ಅಬಾದಾನ್ ರಿಫೈನರಿ ಮುಂದೆ ಜಗತ್ತಿನಲ್ಲೇ ಅತಿ ದೊಡ್ಡದಾಯಿತು. ಅಲ್ಲಿ ನಮ್ಮ ದೇಶದಿಂದ ಹೋದ ಕೆಲಸಗಾರರು ಬಹಳ ಮಂದಿ ಇದ್ದರು. 1920ರ ದಶಕದ ಆರಂಭದಲ್ಲೇ ಅವರು ಸಂಬಳಕ್ಕಾಗಿ ಮುಷ್ಕರ ಹೂಡಿದ್ದರು.

ಮೂರನೆಯವನು, ಮೊದಲ ಸಲ: ಜರ್ಮನಿ

1925ರಲ್ಲಿ ದೊರೆಯಾದ ರೆಜಾ ಶಾಗೆ ರಷ್ಯಾ, ಬ್ರಿಟನ್ ಎರಡರ ಮೇಲೂ ನಂಬಿಕೆ ಇರಲಿಲ್ಲ. 1932ರಲ್ಲಿ ಡಾರ್ಸಿ ಗುತ್ತಿಗೆಯನ್ನೇ ರದ್ದು ಮಾಡಿದ. ಗುಡುಗು ಜೋರಾಗಿತ್ತು, ಮಳೆ ಬರಲಿಲ್ಲ. 1933ರ ಹೊಸ ಒಪ್ಪಂದದಲ್ಲಿ ಹಣ ಸ್ವಲ್ಪ ಜಾಸ್ತಿಯಾಯಿತು, ಆದರೆ ಗುತ್ತಿಗೆಯ ಅವಧಿ 1993ರವರೆಗೆ ಉದ್ದವಾಯಿತು!

ಕಾರ್ಖಾನೆ, ಯಂತ್ರ, ಎಂಜಿನಿಯರುಗಳಿಗೆ ಶಾ ನೋಡಿದ್ದು ಜರ್ಮನಿಯ ಕಡೆ. ಯುದ್ಧ ಶುರುವಾಗುವ ಹೊತ್ತಿಗೆ ಇರಾನಿನ ವಿದೇಶಿ ವ್ಯಾಪಾರದಲ್ಲಿ ಶೇ 40ಕ್ಕೂ ಹೆಚ್ಚು ಜರ್ಮನಿಯ ಜೊತೆಗೇ ಇತ್ತು. ಬರ್ಲಿನ್ ರೇಡಿಯೋ ಪರ್ಷಿಯನ್ ಭಾಷೆಯಲ್ಲಿ ಪ್ರಸಾರ ಮಾಡುತ್ತಿತ್ತು. ಅದಕ್ಕೆ ಎದುರಾಗಿ 1940ರ ಡಿಸೆಂಬರ್‌ನಲ್ಲಿ ಬಿಬಿಸಿಯೂ ಪರ್ಷಿಯನ್ ಪ್ರಸಾರ ಆರಂಭಿಸಿತು. ಸೈನ್ಯಕ್ಕಿಂತ ಮೊದಲು ಮನೆಯೊಳಗೆ ಬಂದದ್ದು ರೇಡಿಯೋ.

ಇಲ್ಲಿ ರೈಲಿನ ವಿಷಯ ಬಿಡಬೇಡಿ. ಕ್ಯಾಸ್ಪಿಯನ್ ತೀರದಿಂದ ಪರ್ಷಿಯನ್ ಕೊಲ್ಲಿಯವರೆಗೆ ಸುಮಾರು 1,400 ಕಿ.ಮೀ. ಹಳಿ, 1927ರಿಂದ 1938ರವರೆಗೆ ಕಟ್ಟಿದ್ದು. ವಿದೇಶಿ ಸಾಲ ಮಾಡಿದರೆ ಹಿಡಿತ ಹೋಗುತ್ತದೆ ಅಂತ ಚಹಾ ಮತ್ತು ಸಕ್ಕರೆಯ ಮೇಲೆ ತೆರಿಗೆ ಹಾಕಿ ಹಣ ಕೂಡಿಸಿದರು. ಬಡವರ ಚಹಾ ಲೋಟದಿಂದ ಕಟ್ಟಿದ ರೈಲು ಅದು. ಅದರ ಮೇಲೆ ಕಣ್ಣು ಬಿದ್ದದ್ದು ಯಾರದ್ದು ಅಂತ ಈಗ ನೋಡೋಣ.

1941ರ ಆಗಸ್ಟ್: ನೆಪ ಬೇರೆ, ಕಾರಣ ಬೇರೆ

1939ರ ಸೆಪ್ಟೆಂಬರ್‌ನಲ್ಲೇ ಇರಾನ್ ತಟಸ್ಥ ಎಂದು ಘೋಷಿಸಿತ್ತು. ಎರಡು ವರ್ಷ ಅದು ನಡೆಯಿತು ಕೂಡ, ಯಾಕೆಂದರೆ ಆಗ ಜರ್ಮನಿ ಮತ್ತು ಸೋವಿಯತ್ ಒಕ್ಕೂಟದ ನಡುವೆ ಒಪ್ಪಂದವಿತ್ತು. ಜರ್ಮನಿಯ ಸರಕು ಸೋವಿಯತ್ ನೆಲದ ಮೂಲಕವೇ ಇರಾನಿಗೆ ಬರುತ್ತಿತ್ತು.

ಈಗ ತಾರೀಖುಗಳನ್ನು ಸಾಲಾಗಿ ನೋಡಿ. 1941ರ ಜೂನ್ 22ರಂದು ಜರ್ಮನಿ ಸೋವಿಯತ್ ಮೇಲೆ ದಾಳಿ ಮಾಡಿತು. ನಿನ್ನೆಯವರೆಗೆ ಒಬ್ಬರಿಗೊಬ್ಬರು ಆಗದ ಬ್ರಿಟನ್, ಸೋವಿಯತ್ ಒಂದಾದವು. ಜುಲೈ ಮತ್ತು ಆಗಸ್ಟ್‌ನಲ್ಲಿ, ನಿಮ್ಮಲ್ಲಿರುವ ಜರ್ಮನ್ನರನ್ನು ಹೊರಗೆ ಕಳಿಸಿ ಎಂದು ಇಬ್ಬರೂ ಇರಾನಿಗೆ ಪತ್ರ ಕೊಟ್ಟರು. ಆಗಸ್ಟ್ 25ರ ಬೆಳಗಿನ ಜಾವ ಎರಡೂ ಸೈನ್ಯ ಒಳಗೆ ನುಗ್ಗಿದವು.

ಪರೀಕ್ಷೆಯ ಉತ್ತರದಲ್ಲಿ ಸುಮ್ನೆ "ಜರ್ಮನ್ ಗೂಢಚಾರರು ಇದ್ದರು, ಅದಕ್ಕೆ ದಾಳಿ ಆಯಿತು" ಅಂತ ಬರೆದು ಮುಗಿಸಬೇಡಿ. ಜರ್ಮನ್ ಜಾಲ ಇದ್ದದ್ದು ನಿಜ. ಆದರೆ ಎಷ್ಟು ಜರ್ಮನ್ನರಿದ್ದರು ಎಂಬುದರಲ್ಲೇ ಜಗಳ. ಬ್ರಿಟನ್ ಹೇಳಿದ್ದು ಸಾವಿರಗಳ ಲೆಕ್ಕ, ಇರಾನ್ ಹೇಳಿದ್ದು ಕೆಲವು ನೂರು. ನನ್ನ ಪ್ರಕಾರ ಮುಖ್ಯ ಕಾರಣ ಎರಡು. ಅಬಾದಾನ್ ಕೈತಪ್ಪಬಾರದು. ಸೋವಿಯತ್‌ಗೆ ಯುದ್ಧ ಸಾಮಗ್ರಿ ಕಳಿಸಲು ವರ್ಷವಿಡೀ ತೆರೆದಿರುವ ದಾರಿ ಬೇಕು. ಆ ದಾರಿಯೇ ಮೇಲೆ ಹೇಳಿದ ರೈಲು.

ಅಬಾದಾನ್ ಮತ್ತು ಖೊರ್ರಮ್‌ಶಹರ್ ಹಿಡಿದದ್ದು 8ನೇ ಇಂಡಿಯನ್ ಡಿವಿಷನ್. ಪಶ್ಚಿಮದ ಗಡಿ ದಾಟಿ ಕೆರ್ಮಾನ್‌ಶಾ ಕಡೆ ಹೋದದ್ದು 10ನೇ ಇಂಡಿಯನ್ ಡಿವಿಷನ್. ಪರೀಕ್ಷೆಯಲ್ಲಿ "ಬ್ರಿಟಿಷ್ ಪಡೆ" ಅಂತ ಬರೆಯುತ್ತೇವೆ. ಬಂದೂಕು ಹಿಡಿದವರಲ್ಲಿ ಬಹುಪಾಲು ನಮ್ಮವರು, ಅದೂ ಆಗಿನ್ನೂ ಗುಲಾಮ ದೇಶದವರು. ಮಹಾಯುದ್ಧದಲ್ಲಿ ಭಾರತದ ಪಾತ್ರ ಎಂಬ ಪ್ರಶ್ನೆಗೂ ಈ ಸಾಲು ಒದಗುತ್ತದೆ.

ನಾಲ್ಕನೇ ದಿನಕ್ಕೆ ಇರಾನ್ ಆಯುಧ ಕೆಳಗಿಟ್ಟಿತು. ಸೆಪ್ಟೆಂಬರ್ 16ಕ್ಕೆ ರೆಜಾ ಶಾ ಪಟ್ಟ ಬಿಟ್ಟ. ಅವನನ್ನು ಮಾರಿಷಸ್‌ಗೆ, ಅಲ್ಲಿಂದ ದಕ್ಷಿಣ ಆಫ್ರಿಕಾಕ್ಕೆ ಕಳಿಸಿದರು. 1944ರಲ್ಲಿ ಅಲ್ಲೇ ತೀರಿಕೊಂಡ. 21 ವರ್ಷದ ಮಗ ಮೊಹಮ್ಮದ್ ರೆಜಾ ಸಿಂಹಾಸನ ಏರಿದ.

ಮೂರನೆಯವನು, ಎರಡನೇ ಸಲ: ಅಮೆರಿಕ

1942ರ ಜನವರಿ 29ರ ತ್ರಿಪಕ್ಷೀಯ ಒಪ್ಪಂದವನ್ನು ಚೆನ್ನಾಗಿ ಓದಿಕೊಳ್ಳಿ. ಇರಾನಿನ ಸಾರ್ವಭೌಮತ್ವ ಗೌರವಿಸುತ್ತೇವೆ, ಯುದ್ಧ ಮುಗಿದ ಆರು ತಿಂಗಳೊಳಗೆ ಸೈನ್ಯ ಹಿಂದೆಗೆಯುತ್ತೇವೆ ಎಂದು ಬ್ರಿಟನ್ ಮತ್ತು ಸೋವಿಯತ್ ಸಹಿ ಮಾಡಿದವು. ಮನೆಗೆ ನುಗ್ಗಿದವರಿಂದ ಹೊರಡುವ ತಾರೀಖು ಬರೆಸಿಕೊಂಡದ್ದು ಸಣ್ಣ ಮಾತಲ್ಲ. ಮುಂದೆ ಇರಾನನ್ನು ಕಾಪಾಡಿದ್ದು ಈ ಒಂದು ಷರತ್ತು.

ಅಮೆರಿಕದ ಸುಮಾರು 30,000 ಸೈನಿಕರು ಬಂದು ಬಂದರು, ರೈಲು, ಲಾರಿ ಎಲ್ಲ ನಡೆಸಿದರು. ಸುಮಾರು 40 ಲಕ್ಷ ಟನ್ ಸಾಮಗ್ರಿ ಈ ದಾರಿಯಲ್ಲಿ ಸೋವಿಯತ್‌ಗೆ ಹೋಯಿತು. ಇರಾನಿಗೆ 'ವಿಜಯದ ಸೇತುವೆ' ಎಂಬ ಬಿರುದು ಸಿಕ್ಕಿತು. ಬಿರುದಿನಿಂದ ಹೊಟ್ಟೆ ತುಂಬುವುದಿಲ್ಲ ಅಲ್ವಾ? ಧಾನ್ಯದ ಅಭಾವ, ಏರಿದ ಬೆಲೆ, ಟೈಫಸ್ ಜ್ವರ. 1942ರ ಡಿಸೆಂಬರ್‌ನಲ್ಲಿ ಟೆಹರಾನಿನ ಜನ ರೊಟ್ಟಿಗಾಗಿ ಬೀದಿಗಿಳಿದು ದಂಗೆ ಎದ್ದರು.

1943ರ ಸೆಪ್ಟೆಂಬರ್‌ನಲ್ಲಿ ಇರಾನ್ ಜರ್ಮನಿಯ ಮೇಲೆ ಯುದ್ಧ ಸಾರಿತು. ಕಾಗದದ ಮೇಲಿನ ತಟಸ್ಥ ನೀತಿ ಅಲ್ಲಿಗೆ ಮುಗಿಯಿತು.

1944: ಉತ್ತರದ ತೈಲ

ಇರಾನ್ ಈಗ ಅಮೆರಿಕದ ಕಂಪನಿಗಳನ್ನು ತೈಲಕ್ಕೆ ಕರೆಯಲು ನೋಡಿತು. ಬ್ರಿಟನ್ನಿನ ಕಡೆಯಿಂದ ಶೆಲ್ ತೈಲ ಕಂಪನಿ ಕೂಡ ಬಂತು. ಇದು ಸೋವಿಯತ್ ಕಿವಿಗೆ ಬೀಳದೆ ಇರುತ್ತದೆಯೇ? ಸೆಪ್ಟೆಂಬರ್‌ನಲ್ಲಿ ಸೋವಿಯತ್ ವಿದೇಶಾಂಗ ಉಪಮಂತ್ರಿ ಸೆರ್ಗೆಯ್ ಕಾವ್ತಾರಾದ್ಜೆ ನಿಯೋಗದೊಂದಿಗೆ ಬಂದು ಉತ್ತರ ಪ್ರಾಂತ್ಯಗಳ ತೈಲ ಗುತ್ತಿಗೆ ಕೇಳಿದ. ಪೆನ್ಸಿಲ್ ಗುರುತು ಈಗ ನೋಡಿಕೊಳ್ಳಿ.

ಪ್ರಧಾನಿ ಸಾಯೆದ್‌ಗೆ ಅತ್ತ ದರಿ, ಇತ್ತ ಪುಲಿ. ಯುದ್ಧ ಮುಗಿಯುವವರೆಗೆ ಯಾರಿಗೂ ಗುತ್ತಿಗೆ ಇಲ್ಲ ಎಂದ. ಎಡಪಂಥೀಯ ತೂದೆ ಪಕ್ಷ ಬೀದಿಗಿಳಿಯಿತು, ಅವರ ಮೆರವಣಿಗೆಗೆ ಸೋವಿಯತ್ ಸೈನಿಕರ ಕಾವಲು. ಸಾಯೆದ್ ರಾಜೀನಾಮೆ ಕೊಟ್ಟ.

ಡಿಸೆಂಬರ್ 2ರಂದು ಸಂಸದ ಮೊಸದ್ದೆಗ್, ಮುಂದೆ 1951ರಲ್ಲಿ ತೈಲ ರಾಷ್ಟ್ರೀಕರಣದ ಮುಂದಾಳು, ಮಜ್ಲಿಸ್‌ನಲ್ಲಿ, ಅಂದರೆ ಇರಾನಿನ ಸಂಸತ್ತಿನಲ್ಲಿ, ಒಂದು ಮಸೂದೆ ತಂದರು. ಯಾವ ಮಂತ್ರಿಯೂ ತೈಲ ಗುತ್ತಿಗೆಯ ಬಗ್ಗೆ ವಿದೇಶಿಯರ ಜೊತೆ ಮಾತುಕತೆ ನಡೆಸುವಂತಿಲ್ಲ. ನಡೆಸಿದರೆ 3ರಿಂದ 8 ವರ್ಷ ಜೈಲು. ಅದೇ ದಿನ ಪಾಸಾಯಿತು. ಇದರ ಹಿಂದಿನ ಯೋಚನೆಗೆ 'ನಕಾರಾತ್ಮಕ ಸಮತೋಲನ' ಎಂದು ಹೆಸರು. ಹೆಸರು ಭಾರ, ಅರ್ಥ ಹಗುರ. ದಕ್ಷಿಣದಲ್ಲಿ ಬ್ರಿಟನ್‌ಗೆ ಕೊಟ್ಟಿದ್ದೇವೆ ಅಂತ ಉತ್ತರದಲ್ಲಿ ಸೋವಿಯತ್‌ಗೂ ಕೊಟ್ಟು ಸಮ ಮಾಡಬೇಡಿ, ಯಾರಿಗೂ ಕೊಡದೆ ಸಮ ಮಾಡಿ. ಮೂರನೆಯವನನ್ನು ಕರೆಯುವ ಆಟವನ್ನೇ ಬಿಟ್ಟ ಮೊದಲ ಹೆಜ್ಜೆ ಇದು.

ಕವಾಮ್‌ನ ಜಾಣತನ

ನನಗೆ ಇಡೀ ಅಧ್ಯಾಯದಲ್ಲಿ ಇಷ್ಟವಾದ ಭಾಗ ಇದು. ಜಪಾನ್ 1945ರ ಸೆಪ್ಟೆಂಬರ್ 2ಕ್ಕೆ ಶರಣಾಯಿತು. ಆರು ತಿಂಗಳ ಗಡುವು ಅಂದರೆ 1946ರ ಮಾರ್ಚ್ 2. ಅಮೆರಿಕನ್ನರು, ಬ್ರಿಟಿಷರು ಹೋದರು. ಸೋವಿಯತ್ ಸೈನ್ಯ ಜಾಗ ಬಿಟ್ಟು ಕದಲಲಿಲ್ಲ. ಅದರ ನೆರಳಲ್ಲೇ ಇರಾನಿನ ಅಜರ್‌ಬೈಜಾನ್ ಪ್ರಾಂತ್ಯದಲ್ಲಿ ಮತ್ತು ಕುರ್ದರ ಮಹಾಬಾದ್‌ನಲ್ಲಿ ಪ್ರತ್ಯೇಕ ಸರ್ಕಾರಗಳು ತಲೆ ಎತ್ತಿದ್ದವು. ಇರಾನ್ ಆಗ ತಾನೇ ಹುಟ್ಟಿದ ವಿಶ್ವಸಂಸ್ಥೆಯ ಭದ್ರತಾ ಮಂಡಳಿಗೆ ದೂರು ಕೊಟ್ಟಿತು. ಮಂಡಳಿಯ ಮುಂದೆ ಬಂದ ಮೊಟ್ಟಮೊದಲ ದೂರುಗಳಲ್ಲಿ ಅದೂ ಒಂದು.

ಪ್ರಧಾನಿ ಅಹ್ಮದ್ ಕವಾಮ್ ಮಾಸ್ಕೋಗೆ ಹೋಗಿ ಸ್ಟಾಲಿನ್ ಜೊತೆ ಮಾತಾಡಿ ಬಂದ. ಏಪ್ರಿಲ್‌ನಲ್ಲಿ ಒಪ್ಪಂದವಾಯಿತು: ಸೈನ್ಯ ಹೋಗಲಿ, ಉತ್ತರದಲ್ಲಿ ಜಂಟಿ ತೈಲ ಕಂಪನಿ ಮಾಡೋಣ, ಅದರಲ್ಲಿ ಸೋವಿಯತ್‌ಗೆ ಶೇ 51. ಆದರೆ ಹೊಸ ಮಜ್ಲಿಸ್ ಒಪ್ಪಬೇಕು. ಮಜ್ಲಿಸ್‌ಗೆ ಚುನಾವಣೆ ಆಗಬೇಕು. ವಿದೇಶಿ ಸೈನ್ಯ ಇರುವಾಗ ಚುನಾವಣೆ ನಡೆಸಬಾರದು ಎಂಬ ಕಾನೂನು ಮೊದಲೇ ಇತ್ತು. ಗಂಟು ಹೇಗೆ ಬಿತ್ತು ನೋಡಿ. ತೈಲ ಬೇಕಾದರೆ ಮೊದಲು ಸೈನ್ಯ ಹೊರಡಬೇಕು. ಮೇ ತಿಂಗಳಲ್ಲಿ ಹೊರಟಿತು. ಡಿಸೆಂಬರ್‌ನಲ್ಲಿ ಇರಾನಿನ ಸೈನ್ಯ, ಚುನಾವಣೆಯ ಬಂದೋಬಸ್ತಿಗೆ ಎಂದು ಹೇಳಿಕೊಂಡು, ಅಜರ್‌ಬೈಜಾನ್ ಪ್ರಾಂತ್ಯದ ರಾಜಧಾನಿ ತಬ್ರೀಜ್‌ಗೆ ಹೋಯಿತು. ಪ್ರತ್ಯೇಕ ಸರ್ಕಾರಗಳು ಬಿದ್ದವು.

1947ರ ಅಕ್ಟೋಬರ್ 22ರಂದು ಮಜ್ಲಿಸ್ ಆ ಒಪ್ಪಂದವನ್ನು 102–2 ಮತಗಳಿಂದ ತಳ್ಳಿಹಾಕಿತು. ಆಧಾರ ಮೊಸದ್ದೆಗ್ ತಂದ 1944ರ ಕಾನೂನು. ಬೆನ್ನಿಗೆ ಅಮೆರಿಕದ ರಾಯಭಾರಿಯ ಬಹಿರಂಗ ಬೆಂಬಲವೂ ಇತ್ತು, ಅದನ್ನು ಮರೆತರೆ ಚಿತ್ರ ಅರ್ಧವಾಗುತ್ತದೆ. ಕವಾಮ್ ಕಾನೂನು ಮುರಿದಂತೆ ಆಗಿತ್ತಲ್ಲ, ಆದರೂ ಸದುದ್ದೇಶದಿಂದ ಮಾಡಿದ್ದು ಎಂದು ಮಜ್ಲಿಸ್ ಅವನನ್ನು ಜೈಲಿನಿಂದ ಉಳಿಸಿತು.

ಅದೇ ನಿರ್ಣಯದ ಕೊನೆಯಲ್ಲಿ ಇನ್ನೊಂದು ಅಂಶ ಇದೆ, ಓದುವಾಗ ಬೆರಳಡಿ ಜಾರಿಹೋಗುವಂಥದ್ದು. ದಕ್ಷಿಣದ ತೈಲದಲ್ಲಿ ದೇಶಕ್ಕೆ ಸಲ್ಲಬೇಕಾದ ಹಕ್ಕನ್ನು ಸರ್ಕಾರ ಕೇಳಿ ಪಡೆಯಬೇಕು. ದಕ್ಷಿಣದ ತೈಲ ಅಂದರೆ ಬ್ರಿಟನ್ನಿನದು. 1951ರ ಪ್ರಶ್ನೆ ಬಂದರೆ ಉತ್ತರವನ್ನು ಈ ಸಾಲಿನಿಂದಲೇ ಶುರು ಮಾಡಿ.