ಕೊಯೋಟಿ ಹಿಂದೆ ಹಿಂದೆ ಬಂದರೆ ಏನು ಮಾಡಬೇಕು?

ಉತ್ತರ ಅಮೆರಿಕದ ನಡುವೆ ಹಾಸಿರುವ ಗ್ರೇಟ್ ಪ್ಲೇನ್ಸ್ ಹುಲ್ಲುಗಾವಲು, ಅಂದರೆ ನೆಬ್ರಾಸ್ಕಾ, ಕಾನ್ಸಾಸ್, ಡಕೋಟಾಗಳ ಬಯಲು, ತೋಳ-ನಾಯಿಗಳ ಬಳಗದ ಕಾಡುಪ್ರಾಣಿ ಕೊಯೋಟಿಯ ಹಳೆಯ ನೆಲೆ. ತೂಕ ಸಾಮಾನ್ಯವಾಗಿ 9ರಿಂದ 20 ಕೆ.ಜಿ., ಹೆಚ್ಚುಕಮ್ಮಿ ನಮ್ಮ ಬೀದಿನಾಯಿಯಷ್ಟು. ಇಲಿ, ಮೊಲ, ಮಿಡತೆ, ಹಣ್ಣು, ಸತ್ತ ದನ, ಏನು ಸಿಕ್ಕರೂ ತಿನ್ನುತ್ತದೆ. ಜನ ತೋಳಗಳನ್ನು ಕೊಂದು ಮುಗಿಸಿದ ಮೇಲೆ ಇದು ಪೂರ್ವ ಕರಾವಳಿಯವರೆಗೂ ಹರಡಿತು.

ಅದು ಯಾಕೆ ಹಿಂದೆ ಬರುತ್ತಿದೆ ಅಂತ ತಿಳಿಯಲು ಮೊದಲು ಗಮನಿಸಬೇಕಾದ್ದು ತಿಂಗಳು. ಜನವರಿಯಿಂದ ಮಾರ್ಚ್‌ವರೆಗೆ ಜೋಡಿಯಾಗುತ್ತವೆ, ಸುಮಾರು 63 ದಿನ ಗರ್ಭ, ಏಪ್ರಿಲ್-ಮೇ ಹೊತ್ತಿಗೆ ಗುಹೆಯಲ್ಲಿ ಮರಿಗಳು. ಆ ಕಾಲದಲ್ಲಿ ನೀವು ನಾಯಿ ಹಿಡಿದು ನಡೆಯುತ್ತಿದ್ದರೆ ಕೊಯೋಟಿಯೊಂದು ಸ್ವಲ್ಪ ದೂರದಲ್ಲೇ ಹಿಂದೆ ಬರಬಹುದು. ಬೇಟೆಗೆ ಬಂತು ಅಂತ ಹೆದರುವವರೇ ಜಾಸ್ತಿ, ಆದರೆ ಹೆಚ್ಚಿನ ಸಲ ಅದು ಮರಿಗಳ ಹತ್ತಿರ ಬಂದ ನಾಯಿಯನ್ನು ಗಡಿ ದಾಟಿಸುತ್ತಿರುತ್ತದೆ. ಆಗ ಕೂಗಾಡಬೇಡಿ, ಓಡಲೂಬೇಡಿ. ನಾಯಿಯ ಹಗ್ಗ ಗಿಡ್ಡ ಮಾಡಿ, ಚಿಕ್ಕದಾದರೆ ಎತ್ತಿಕೊಂಡು, ಕೊಯೋಟಿಯ ಮೇಲೆ ಕಣ್ಣಿಟ್ಟು ಬಂದ ದಾರಿಯಲ್ಲೇ ನಿಧಾನ ವಾಪಸ್ ಹೋಗಿ. ಕೆಲವು ವಾರ ಬೇರೆ ದಾರಿ ಹಿಡಿದರಾಯಿತು.

ಗುಹೆ ಹತ್ತಿರವಿಲ್ಲದೆ, ಮನೆಯಂಗಳಕ್ಕೇ ಬಂದು ನಿಂತರೆ ಮಾತು ಬೇರೆ. ಕೈ ಮೇಲೆತ್ತಿ ದೊಡ್ಡದಾಗಿ ಕಾಣಿಸಿ, ಜೋರಾಗಿ ಕೂಗಿ, ಪಾತ್ರೆ ಬಡಿಯಿರಿ, ನೀರು ಹಾಯಿಸಿ. ಅದು ಪೂರ್ತಿ ಹೊರಟುಹೋಗುವವರೆಗೂ ಬಿಡಬೇಡಿ. ಅರ್ಧಕ್ಕೆ ನಿಲ್ಲಿಸಿದರೆ, ಈ ಗಲಾಟೆ ಸುಮ್ನೆ, ಇದರಿಂದ ಏನೂ ಆಗಲ್ಲ ಅಂತ ಕಲಿತುಬಿಡುತ್ತದೆ. ಹಗಲಲ್ಲಿ ಕಾಣಿಸಿತು ಅಂದ ಮಾತ್ರಕ್ಕೆ ಹುಚ್ಚು ಹಿಡಿದಿದೆ ಅಂತಲ್ಲ. ಆದರೆ ಕಚ್ಚಿದರೆ ಗಾಯವನ್ನು ಸೋಪು ನೀರಲ್ಲಿ ಚೆನ್ನಾಗಿ ತೊಳೆದು ತಕ್ಷಣ ಆಸ್ಪತ್ರೆಗೆ ಹೋಗಲೇಬೇಕು, ರೇಬಿಸ್ ವಿಷಯದಲ್ಲಿ ತಡ ಬೇಡ.

ಮನುಷ್ಯರ ಮೇಲೆ ದಾಳಿ ಅಪರೂಪ. ನಡೆದ ಕಡೆ ವಿಚಾರಿಸಿದರೆ, ಯಾರೋ ಅದಕ್ಕೆ ತಿಂಡಿ ಹಾಕಿ ರೂಢಿ ಮಾಡಿಸಿದ್ದು ಎಷ್ಟೋ ಸಲ ಬಯಲಾಗುತ್ತದೆ. ಬೇಕಂತಲೇ ಹಾಕಬೇಕೆಂದಿಲ್ಲ: ಹೊರಗಿಟ್ಟ ಬೆಕ್ಕಿನ ಊಟ, ಮುಚ್ಚಳವಿಲ್ಲದ ಕಸದ ಡಬ್ಬ, ಮರದಡಿ ಉದುರಿದ ಸೇಬು ಸಾಕು. ಭಯ ಬಿಟ್ಟ ಕೊಯೋಟಿ ಕೊನೆಗೆ ಬಂದೂಕಿನ ಗುಂಡಿಗೆ ಬಲಿಯಾಗುತ್ತದೆ. ನನಗೆ ಇದೇ ತುಂಬಾ ಬೇಸರದ ವಿಷಯ, ತಪ್ಪು ನಮ್ಮದು ಅಲ್ವಾ?

ಕುರಿ ಸಾಕುವವರ ಕಷ್ಟವೂ ಸಣ್ಣದಲ್ಲ, ಕುರಿಮರಿಗಳನ್ನು ಕೊಯೋಟಿ ನಿಜವಾಗಿಯೂ ಹಿಡಿಯುತ್ತದೆ. ಅದಕ್ಕೇ ಗ್ರೇಟ್ ಪೈರಿನೀಸ್‌ನಂಥ ಕಾವಲು ನಾಯಿ, ಕರೆಂಟ್ ಬೇಲಿ, ಮರಿ ಹಾಕುವಾಗ ಕೊಟ್ಟಿಗೆ. ಸತ್ತ ಕುರಿಯನ್ನು ಹೊಲದಲ್ಲೇ ಬಿಡಬಾರದು. ಸಿಕ್ಕಸಿಕ್ಕದ್ದನ್ನೆಲ್ಲ ಕೊಲ್ಲುವುದು ಬಹಳ ಸಲ ಕೆಲಸಕ್ಕೆ ಬಾರದು, ಯಾಕೆಂದರೆ ಒಂದು ಜೋಡಿ ತನ್ನ ಜಾಗಕ್ಕೆ ಹೊರಗಿನವನ್ನು ಸುಲಭಕ್ಕೆ ಸೇರಿಸುವುದಿಲ್ಲ. ಇಲಿ ತಿಂದುಕೊಂಡು ಕುರಿಗಳ ತಂಟೆಗೆ ಬಾರದ ಜೋಡಿಯನ್ನು ಹೊಡೆದರೆ, ಆ ಜಾಗಕ್ಕೆ ಬರುವ ಹೊಸದು ಕುರಿ ಹಿಡಿಯುವಂಥದ್ದೇ ಆಗಿರಬಹುದು.